ನರ ಕಾಣುವ ಮಷೀನು, ನಾಲ್ಕು ನಿಂಬೆಹಣ್ಣು

ನಮ್ಮ ಡಾಕ್ಟರ್ ಬಾಯಾರು ಹೋದ ತಿಂಗಳು ಕೆಲಸ ಬಿಟ್ಟರು. ಸತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಇಂಥ ಬರಹ ಕಂಡ ಕೂಡಲೇ ಕೆಲವರು ಕಣ್ಣೊರೆಸಲು ಸೆರಗು ಹುಡುಕುತ್ತಾರೆ. ಸವಣೂರಿನ ತಮ್ಮ ಮನೆಯ ಕಟ್ಟೆಯ ಮೇಲೆ ಗಟ್ಟಿಮುಟ್ಟಾಗಿ ಕೂತು, ಹೋಗಿಬರುವವರನ್ನೆಲ್ಲ ತಡೆದು ಮಾತಾಡಿಸುತ್ತಿದ್ದಾರಂತೆ. ಬೀಳ್ಕೊಡುವ ದಿನ ಆಸ್ಪತ್ರೆಯಲ್ಲಿ ಭಾಷಣ ಮಾಡಿದವರು ಅವರನ್ನು ದೇವತೆ ಎಂದರು, ಕರುಣಾಮಯಿ ಎಂದರು. ನನಗೆ ನಗು ಬಂತು. ನಾನು ಕಂಡ ಬಾಯಾರು ದೇವತೆಯಲ್ಲ. ಹಟಮಾರಿ ಹೆಂಗಸು. ಕಾರಿನಲ್ಲಿ ಕದ್ದು ಬೆಳ್ಳುಳ್ಳಿ ಚಟ್ನಿ ತಿನ್ನುವ ಹೆಂಗಸು. ಆ ಹಟ ಇರದಿದ್ದರೆ ನನ್ನ ಬಲಗೈ ಇವತ್ತು ಸೊಟ್ಟಗೆ ಜೋತಾಡುತ್ತಿತ್ತು.

ಬಾಯಾರು ಅರವಳಿಕೆ ಡಾಕ್ಟರು. ಆಪರೇಶನ್ನಿಗೆ ಮೊದಲು ಮದ್ದು ಕೊಟ್ಟು ನಿದ್ದೆ ಮಾಡಿಸುವವರು. ಕೊಯ್ಯುವ ಡಾಕ್ಟರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಇವರದು ಯಾರಿಗೂ ಗೊತ್ತಿರುವುದಿಲ್ಲ. ಇವರ ಮುಖ ನೋಡಿದವರು ಆ ಕೂಡಲೇ ಗೊರಕೆ ಹೊಡೆಯುತ್ತಾರಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿಂದ ಫೋನು ಬಂದರೂ ಅಲ್ಲಿಗೆ ಓಡಬೇಕು. ಒಂದು ಹಳೆಯ ಬಿಳಿ ಕಾರು, ತಾವೇ ಹೊಡೆಯುತ್ತಿದ್ದರು. ಹಿಂದಿನ ಸೀಟಿನ ಮೇಲೆ ಒಂದು ಬದಲಿ ಸೀರೆ, ಒಂದು ದಿಂಬು, ನೀರಿನ ಬಾಟಲಿ, ನನ್ನ ರೊಟ್ಟಿಯ ಗಂಟು.

ನಾನು ಹಾನಗಲ್ಲಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು. ಶಾಲೆ ಮೂರನೇ ಇಯತ್ತೆಗೆ ಮುಗಿಯಿತು, ಒಲೆ ಇನ್ನೂ ಮುಗಿದಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರ ಕಡೆಯ ಮಂದಿ ನನ್ನಲ್ಲಿಗೇ ಬರುತ್ತಾರೆ. ಬಾಯಾರೂ ಹಾಗೇ ಬಂದವರು. ಅವರದು ಆಚಾರ್ಯರ ಮನೆತನ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಮೊದಲ ದಿನವೇ ನನ್ನ ಒಲೆಯ ಮುಂದೆ ನಿಂತು ಕೇಳಿದರು:

“ಅಕ್ಕಾರ, ಆ ಕೆಂಪು ಚಟ್ನಿ ಏನದು?”

“ಬೆಳ್ಳುಳ್ಳಿದ್ರಿ. ನಿಮಗ ನಡಿಯಂಗಿಲ್ಲ ಬಿಡ್ರಿ.”

“ಮನ್ಯಾಗ ನಡಿಯಂಗಿಲ್ಲ. ಕಾರಿನ್ಯಾಗ ನಡೀತದ.”

ಅಂದಿನಿಂದ ಚಟ್ನಿಯ ಡಬ್ಬಿ ಕಾರಿನಲ್ಲೇ ವಾಸ. ಸವಣೂರು ಹತ್ತಿರ ಬಂದ ಕೂಡಲೇ ಎರಡು ವೀಳ್ಯದೆಲೆ ಜಗಿದು ಬಾಯಿ ಶುದ್ಧ ಮಾಡಿಕೊಳ್ಳುತ್ತಿದ್ದರು. ಆ ಊರಿನ ಎಲೆಗೆ ಆ ಕಸುವು ಇದೆ. ಅವರ ಅತ್ತೆಯವರಿಗೆ ಎಲ್ಲ ಗೊತ್ತಿತ್ತೆಂದು ನನ್ನ ಗುಮಾನಿ. ಒಮ್ಮೆ ಆ ಮುದುಕಿ, “ಬರೇ ನೀ ತಿಂದ್ರ ಹ್ಯಾಂಗವಾ, ಕಾರಿಗೂ ಒಂದು ಎಲಿ ತಿನಸು,” ಎಂದರಂತೆ. ಇದನ್ನು ಬಾಯಾರೇ ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅವರದೊಂದು ರೂಢಿ ಇತ್ತು. ಮೇಜಿನ ಮೇಲೆ ಮಲಗಿದವರ ಹಣೆಯ ಮೇಲೆ ಅಂಗೈ ಇಟ್ಟು, “ಇವತ್ತ ಮನ್ಯಾಗ ಏನ್ ಅಡಗಿ?” ಎಂದು ಕೇಳುವುದು. ಬೇರೆ ಡಾಕ್ಟರು ಒಂದು, ಎರಡು ಎಣಿಸಲು ಹೇಳುತ್ತಾರಂತೆ. ಇವರಿಗೆ ಅಡಿಗೆ ಬೇಕು. ಜನ “ರೊಟ್ಟಿ, ಬದನೀಕಾಯಿ...” ಎನ್ನುವಷ್ಟರಲ್ಲಿ ಮದ್ದು ಏರಿ ಕಣ್ಣು ಮುಚ್ಚುತ್ತಿದ್ದರು. “ಪಲ್ಯಾದ ತನಕ ಎಲ್ಲಾರೂ ಬರ್ತಾರ ಅಕ್ಕಾರ, ಅನ್ನಕ್ಕ ಒಬ್ಬರೂ ಮುಟ್ಟಂಗಿಲ್ಲ,” ಎಂದು ನನ್ನ ಮುಂದೆ ದೂರು ಹೇಳುತ್ತಿದ್ದರು. ಸ್ವತಃ ಅವರಿಗೆ ಅನ್ನ ಬಸಿಯಲೂ ನೆಟ್ಟಗೆ ಬರುತ್ತಿರಲಿಲ್ಲ.

ಇನ್ನು ಕೈಯ ವಿಷಯ. ಏಳೆಂಟು ವರ್ಷದ ಹಿಂದೆ ಗೋವಿನಜೋಳದ ಸುಗ್ಗಿಯಲ್ಲಿ ತಿಳವಳ್ಳಿಗೆ, ತಮ್ಮನ ಮನೆಗೆ ಹೋಗಿದ್ದೆ. ಆ ಕಾಲದಲ್ಲಿ ಅಲ್ಲಿ ರಸ್ತೆಯೇ ಕಣ. ಅರ್ಧ ಡಾಂಬರಿನ ಮೇಲೆ ಬಸ್ಸು, ಅರ್ಧದ ಮೇಲೆ ಒಣಗಲು ಹಾಕಿದ ಕಾಳು. ಬಸ್ಸಿಗೆ ದಾರಿ ಬಿಡಲು ಹೋಗಿ ಕಾಳಿನ ಮೇಲೆ ಕಾಲಿಟ್ಟೆ. ಕಾಳು ಉರುಳಿದವು, ನಾನೂ ಉರುಳಿದೆ. ಬಲಗೈ ಮಣಿಕಟ್ಟಿನ ಮೇಲೆ ಮುರಿಯಿತು. ತಮ್ಮ ಓಡಿ ಬಂದು ಮೊದಲು ನೋಡಿದ್ದು ಕಾಳು ಚರಂಡಿಗೆ ಹೋಯಿತೇ ಎಂದು. ಅದು ಬೇರೆ ಮಾತು.

ಹಾನಗಲ್ಲಿನ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು ಫೋಟೋ ನೋಡಿ, ಪ್ಲೇಟು ಹಾಕದೆ ಇದು ಕೂಡುವುದಿಲ್ಲ ಎಂದರು. ಆಮೇಲೆ ನನ್ನ ಎದೆಗೆ ನಳಿಕೆ ಹಚ್ಚಿ ಕೇಳಿ ಮುಖ ಕೆಡಿಸಿಕೊಂಡರು. ನನಗೆ ದಮ್ಮು. ಒಲೆಯ ಹೊಗೆ ಕುಡಿದು ಕುಡಿದು ಎದೆ ಹರಿದ ತಿದಿಯಂತೆ ಸುಂಯ್ ಎನ್ನುತ್ತದೆ. ಪೂರ್ತಿ ನಿದ್ದೆ ಮಾಡಿಸಿದರೆ ಮತ್ತೆ ಎಬ್ಬಿಸುವುದು ಕಷ್ಟ, ಹುಬ್ಬಳ್ಳಿಗೆ ಹೋಗಿ ಎಂದರು.

“ಹುಬ್ಬಳ್ಳಿಗೆ ಹೋದ್ರ ನನ್ನ ಎದಿ ಹೊಸಾದ ಆಗತೈತೇನ್ರಿ?” ಎಂದೆ.

ಬಾಗಿಲಲ್ಲಿ ನಿಂತಿದ್ದ ಬಾಯಾರು ನಕ್ಕರು. ಆಮೇಲೆ ನನ್ನ ಹತ್ತಿರ ಕೂತು, ಭುಜ, ಕಂಕುಳು ಮುಟ್ಟಿ ಬಿಡಿಸಿ ಹೇಳಿದರು: “ಬರೇ ಕೈ ಅಷ್ಟ ಜೋಮು ಹಿಡಿಸಿದ್ರ ಸಾಕು. ನೀವು ಎಚ್ಚರ ಇರ್ತೀರಿ, ಉಸಿರು ನಿಮ್ಮದ ನೀವು ಆಡ್ತೀರಿ. ಆದ್ರ ಆ ನರ ಒಳಗ ಅವ. ಬಾಜೂಕ ರಕ್ತನಾಳ ಅದ, ಸ್ವಲ್ಪ ಆಚೀಕ ಉಸಿರಿನ ಚೀಲ ಅದ. ಇಷ್ಟ ವರ್ಷ ಅಂದಾಜಿನ ಮ್ಯಾಲೆ ಚುಚ್ಚೀನಿ. ನಿಮ್ಮ ಎದಿ ನೋಡಿದ್ರ ಅಂದಾಜಿಗೆ ಚುಚ್ಚಲಿಕ್ಕೆ ಧೈರ್ಯ ಆಗವಲ್ದು. ಕಣ್ಣಿಲೆ ಕಾಣಬೇಕು.”

ಒಳಗಿನ ನರ ಕಾಣಬೇಕಾದರೆ ಸ್ಕ್ಯಾನಿಂಗ್ ಮಷೀನು ಬೇಕು. ಬಸುರಿಯರ ಹೊಟ್ಟೆ ನೋಡುತ್ತಾರಲ್ಲ, ಅದೇ ಜಾತಿಯದು. ನರ ನೋಡುವುದಕ್ಕೆ ಅದಕ್ಕೆ ಬೇರೆ ಹಿಡಿಕೆ. ಬಾಯಾರು ಅದಕ್ಕಾಗಿ ಆಸ್ಪತ್ರೆಯ ಅಧ್ಯಕ್ಷರ ಬೆನ್ನು ಹತ್ತಿ ಬಹಳ ದಿನ ಆಗಿತ್ತು. ಅಧ್ಯಕ್ಷರು ಊರಿನ ದೊಡ್ಡ ಸಾವುಕಾರರು, ಟ್ರ್ಯಾಕ್ಟರ್ ಮಾರುವವರು, ಒಳ್ಳೆಯ ಮನುಷ್ಯ. ಕೊನೆಗೆ ಒಪ್ಪಿದ್ದರು. ಆದರೆ ಒಂದೇ ಮಷೀನು, ಯಾವುದೆಂದು ಈಗಲೇ ಆರಿಸಬೇಕು. ಎಲುಬಿನ ಡಾಕ್ಟರು ನನ್ನ ಕೈಗೆ ಪಟ್ಟಿ ಕಟ್ಟಿ, ಒಂದು ವಾರಕ್ಕಿಂತ ಹೆಚ್ಚು ತಡೆಯಲಾರೆ ಎಂದರು. ಮನೆಗೆ ಬಂದು ಎಡಗೈಯಿಂದ ರೊಟ್ಟಿ ಬಡಿದು ನೋಡಿದೆ. ರೊಟ್ಟಿ ಆಗಲಿಲ್ಲ, ಹಾನಗಲ್ಲ ತಾಲೂಕಿನ ನಕಾಶೆ ಆಯಿತು.

ಮೊದಲು ಬಂದದ್ದು ದೊಡ್ಡ ಮಷೀನು. ಕಪಾಟಿನಷ್ಟು ಎತ್ತರ, ಟೀವಿಯಂಥ ಪರದೆ, ನಾಲ್ಕು ಗಾಲಿ. ಟೈ ಕಟ್ಟಿದ ಕಂಪನಿಯವನೊಬ್ಬ ನೋಡಲಿಕ್ಕೆಂದು ತಂದಿಟ್ಟಿದ್ದ, ಬೇಡವಾದರೆ ವಾಪಸು. ಅಧ್ಯಕ್ಷರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಎಷ್ಟು ಎಚ್‌ಪಿ ಐತ್ರಿ ಇದು?” ಎಂದು ಕೇಳಿದರು. ಅವನು ಏನು ಹೇಳಿದನೋ, ಇವರಿಗೆ ಮಷೀನು ಮನಸ್ಸಿಗೆ ಬಂದುಬಿಟ್ಟಿತು. “ನೋಡ್ರಿ ಬಾಯಾರ, ಹಿಂಗಿರಬೇಕು. ಬಾಗಲಾಗ ಕಾಲಿಟ್ಟವರಿಗೆ ಕಾಣಬೇಕು, ಆಸ್ಪತ್ರಿ ಬೆಳದೈತಿ ಅಂತ.”

ಬಾಯಾರು ಬಗ್ಗಿ ಅದರ ವೈರು ಎಲ್ಲಿಯ ತನಕ ಬರುತ್ತದೆಂದು ನೋಡಿದರು.

ಹೊಸ ಟ್ರ್ಯಾಕ್ಟರ್ ಬಂದರೆ ಏನು ಮಾಡುತ್ತಾರೋ ಅಧ್ಯಕ್ಷರು ಅದನ್ನೇ ಮಾಡಿಸಿದರು. ಪರದೆಯ ಹಣೆಗೆ ವಿಭೂತಿ, ಕುಂಕುಮ. ಕೊರಳಿಗೆ ಚೆಂಡುಹೂವಿನ ಮಾಲೆ. ಮುಂದೆ ತೆಂಗಿನಕಾಯಿ. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ಆಯಾಗಳೆಲ್ಲ ಸಾಲಾಗಿ ನಿಂತರು, ನಾನೂ ಕೈ ಜೋತು ಹಾಕಿಕೊಂಡು ನಿಂತೆ. ಕಂಪನಿಯವ ಬೆವೆತು ಹೋಗಿದ್ದ.

“ಸರ್, ಸರ್, ಇದು ಬರೇ ತೋರಿಸಾಕ ತಂದಿದ್ದು ಸರ್!”

“ತೋರಿಸಾಕ ಕುಂದರಿಸಿದ ಕನ್ಯಾಕ್ಕೂ ಕುಂಕುಮ ಹಚ್ಚತೇವಿಲ್ಲೋ ತಮ್ಮಾ? ದೂಡ್ರಿ!”

ದೂಡಿದರು. ಮೂರು ಹಣ್ಣು ಒಡೆದವು. ನಾಲ್ಕನೆಯದು ಒಡೆಯದೆ ಗಾಲಿಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಮಷೀನು ಅದೊಂದು ಕಾಲೂರಿ ಗಿರ್ರನೆ ತಿರುಗಿ ಔಷಧಿ ಅಂಗಡಿಯ ಕಡೆ ಹೊರಟಿತು. ನಾಲ್ಕು ಮಂದಿ ಹಿಡಿದು ನಿಲ್ಲಿಸಿದರು. ಹಣ್ಣು ಕಿತ್ತು ತೆಗೆದು ಆಪರೇಶನ್ ಕೋಣೆಗೆ ತಂದರೆ, ಅಲ್ಲಿ ಬಾಗಿಲಿಗೆ ನೀರು ಬರದಂತೆ ಕಟ್ಟಿದ ಸಣ್ಣ ದಿಂಡು. ಗಾಲಿ ಏರಲೊಲ್ಲದು. ಹಿಂದಿನಿಂದ ದೂಡುತ್ತಾರೆ, ಮುಂದಿನಿಂದ ಎಳೆಯುತ್ತಾರೆ, ಹೂವಿನ ಮಾಲೆ ಹರಿದು ಬೀಳುತ್ತದೆ. ಬಾಯಾರು ಸ್ಟೂಲಿನ ಮೇಲೆ ಕುಸಿದು ಕೂತು, ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದರು. ಆದರೆ ನಾನು ನೋಡಿದೆ, ಕಣ್ಣು ಆ ದಿಂಡಿನ ಮೇಲೆಯೇ ಇತ್ತು. ಅವರು ನಗುತ್ತಲೇ ನೋಡುವ ಜಾತಿ.

ಕೊನೆಗೆ ಹೊತ್ತು ಒಳಗಿಟ್ಟರು. ಅಂದೇ ನನ್ನ ಆಪರೇಶನ್ ಎಂದು ಗೊತ್ತು ಮಾಡಿದ್ದರು. ಉಪವಾಸ ಮೇಜಿನ ಮೇಲೆ ಮಲಗಿದೆ. ಮಷೀನು ಚಾಲೂ ಆಗಲು ನಾನು ಎರಡು ರೊಟ್ಟಿ ಬೇಯಿಸುವಷ್ಟು ಹೊತ್ತು ತಗೊಂಡಿತು. ಚಾಲೂ ಆದ ಮೇಲೆ ಮಾತ್ರ ಚಿತ್ರ ಬಹಳ ಚಂದ, ಬಾಯಾರೇ ತಲೆದೂಗಿದರು. ಸೂಜಿ ಕೈಗೆ ತಗೊಂಡರು. ಇನ್ನೇನು ಚುಚ್ಚಬೇಕು, ತಡೆದು ಸಿಸ್ಟರಿಗೆ ಹೇಳಿದರು:

“ಪ್ಲಗ್ ತಗೀರಿ.”

ತೆಗೆದರು. ಪರದೆ ಕಪ್ಪಾಯಿತು.

“ಮೇಡಂ, ಒಂದು ಯುಪಿಎಸ್ ಹಾಕಿಸಿದ್ರ ಆತು,” ಎಂದ ಕಂಪನಿಯವ.

“ಹಿರೇಕೆರೂರಿಗೆ ಅದನ್ನೂ ತಲಿ ಮ್ಯಾಲೆ ಹೊತಗೊಂಡು ಹೋಗ್ಲೇನು? ಸೂಜಿ ಒಳಗ ಇದ್ದಾಗ ಕರೆಂಟ್ ಹೋಗಿ ಇದು ಕಣ್ಣು ಮುಚ್ಚಿತಂದ್ರ, ಎರಡನೇ ಸಲ ತಗಿಯೂ ತನಕ ನಾ ಏನ್ ನೋಡ್ಲಿ? ನಿಮ್ಮ ಮುಖಾ ನೋಡ್ಲಿ?”

ಕೈಗವಸು ಕಳಚಿಟ್ಟರು. ಎಲುಬಿನ ಡಾಕ್ಟರಿಗೆ ಸಿಟ್ಟು ಬಂತು. ದಿನ ಹೋದಷ್ಟೂ ಎಲುಬು ಸೊಟ್ಟ ಕೂಡುತ್ತದೆ, ಪೂರ್ತಿ ನಿದ್ದೆ ಕೊಟ್ಟು ಇವತ್ತೇ ಮುಗಿಸೋಣ ಎಂದರು.

“ಎಲುಬು ನಿಮ್ಮದು, ಉಸಿರು ನಂದು,” ಎಂದರು ಬಾಯಾರು. “ನಾಡದ ತನಕ ತಡೀರಿ. ಹುಬ್ಬಳ್ಳಿಯಿಂದ ಇನ್ನೊಂದು ಬರ್ಲಿಕ್ಕತ್ತದ.”

ನಾನು ಬಾಯಾರನ್ನು ಬಾಯಿಗೆ ಬಂದಂತೆ ಬೈದೆ. “ಚಾ ಸುದ್ದಾ ಕುಡಿದಿಲ್ರಿ ನಾ! ನಿಮ್ಮ ಮಷೀನ್ ಆಟ ಆಡಾಕ ನನ್ನ ಕೈಯ ಬೇಕಿತ್ತೇನು?” ಅವರು ಸಿಟ್ಟಾಗಲಿಲ್ಲ. ತಾವೇ ಚಹಾ ತಂದು, ಬಲಗೈ ಕಟ್ಟಿದ್ದರಿಂದ ಬಸಿಯಲ್ಲಿ ಹಾಕಿ ಕುಡಿಸಿದರು. “ಬೈರಿ. ಬೈಲಿಕ್ಕೆ ಉಸಿರು ಅದ ಅಲ್ಲ, ಅದ ನನಗ ಬೇಕು,” ಎಂದರು.

ಎರಡನೆಯ ಮಷೀನು ಒಬ್ಬ ಹೆಣ್ಣುಮಗಳ ಬೆನ್ನ ಮೇಲೆ ಬಂತು. ಊಟದ ಡಬ್ಬಿಯ ಚೀಲದಷ್ಟು. ಅಧ್ಯಕ್ಷರು ಚೀಲದ ಹಿಂದೆ ಮತ್ತೇನಾದರೂ ಬರುತ್ತದೇನೋ ಎಂದು ಬಾಗಿಲ ಕಡೆ ನೋಡಿದರು. ಏನೂ ಬರಲಿಲ್ಲ.

“ಇದ... ಇಷ್ಟನ?”

ಆ ಹೆಣ್ಣುಮಗಳು ತನ್ನ ಸಣಕಲು ಕೈ ಮೇಲೆ ಹಿಡಿಕೆ ಇಟ್ಟು ತೋರಿಸಿದಳು. ಎಲ್ಲ ಕಂಡಿತು. ಬಾಯಾರು ಅವಳ ಕೈ ಮೆಲ್ಲಗೆ ಸರಿಸಿದರು. “ನಿನ್ನ ಕೈಯಾಗ ಟಾರ್ಚ್ ಹಿಡಿದ್ರೂ ಕಾಣಸ್ತದವಾ. ಸಾವ್ಕಾರ್ರ, ಅಂಗಿ ತಗೀರಿ.”

“ನಾನಾ?”

“ನಿಮ್ಮ ಕುತ್ತಿಗ್ಯಾಗ ನರ ಕಂಡ್ರ ನಾಲ್ಕೂ ತಾಲೂಕಿನ್ಯಾಗ ಎಲ್ಲಾರಿಗೂ ಕಾಣಸ್ತದ.”

ಅಧ್ಯಕ್ಷರ ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವೆಂದು ಅವರ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ. ಲಿಂಗದ ಕರಡಿಗೆ ಎದೆಯ ಮೇಲೆ ಸರಿಸಿಕೊಂಡು ಮೇಜಿನ ಮೇಲೆ ಮಲಗಿದರು. ತಣ್ಣಗಿನ ಅಂಟು ಹಚ್ಚಿ ಹಿಡಿಕೆ ಇಟ್ಟದ್ದೇ ತಡ, ಕಿಲಕಿಲ ನಗಲು ಶುರು ಮಾಡಿದರು. ಊರಿನಲ್ಲಿ ಅವರು ಹಾಗೆ ನಗುವುದನ್ನು ಯಾರೂ ಕೇಳಿರಲಿಲ್ಲ. “ಅಯ್ಯೋ ಬಾಯಾರ, ಕಚಗುಳಿ! ಬಿಡ್ರಿ! ಹೆಹೆಹೆ...” ಬಾಯಾರು ಒಂದು ಕೈಯಿಂದ ಅವರ ತಲೆ ಅದುಮಿ ಹಿಡಿದು, ಇನ್ನೊಂದು ಕೈಯಿಂದ ನಿಧಾನ ಹುಡುಕಿ, “ಹಾಂ, ಸಿಕ್ಕವು,” ಎಂದರು.

ಅಷ್ಟಕ್ಕೇ ಬಿಡಲಿಲ್ಲ. ಮಷೀನನ್ನು ಕಾರಿಗೆ ಹಾಕಿಕೊಂಡು, ಆ ಹೆಣ್ಣುಮಗಳನ್ನೂ ಕೂರಿಸಿಕೊಂಡು ಹಿರೇಕೆರೂರಿಗೆ ಒಂದು ಆಪರೇಶನ್ನಿಗೆ ಹೋಗಿ ಬಂದರು. ಹೋಗುವಾಗ ತಗ್ಗು ತಪ್ಪಿಸಿದರಂತೆ, ಬರುವಾಗ ಬೇಕೆಂದೇ ತಗ್ಗಿನಲ್ಲೇ ಹೊಡೆದರಂತೆ. ಸಂಜೆ ನನ್ನ ಅಂಗಳದಲ್ಲಿ ಕಾರು ನಿಲ್ಲಿಸಿ ಗುಂಡಿ ಒತ್ತಿದರು. ಉಸಿರು ಎಳೆಯುವಷ್ಟರಲ್ಲಿ ಪರದೆ ಬೆಳಗಿತು. ಹೆಣ್ಣುಮಗಳು ಮಾತ್ರ ವಾಂತಿ ಮಾಡಿಕೊಂಡಿದ್ದಳು. ಆಮೇಲೆ ಕೆಟ್ಟರೆ ಕರೆಯುವ ನಂಬರಿಗೆ ಅಲ್ಲಿಂದಲೇ ಫೋನು ಹಚ್ಚಿದರು. ಯಾರೋ ಎತ್ತಿದರು. ದೊಡ್ಡ ಮಷೀನಿನ ಕಂಪನಿಗೂ ಹಚ್ಚಿದರು. ರೊಟ್ಟಿ ಮುರಿದು ತಿನ್ನುತ್ತ ಕೂತೆವು. ಅಲ್ಲಿ ಹಾಡು ಬರುತ್ತಲೇ ಇತ್ತು, ಮನುಷ್ಯ ಬರಲಿಲ್ಲ.

“ಹಂಗಾರ ಸಣ್ಣದ ಛಲೋ ಅಂದಂಗ ಆತು,” ಎಂದೆ.

“ಖರೇ ಹೇಳ್ತೀನಿ ಅಕ್ಕಾರ, ಚಿತ್ರ ಆ ದೊಡ್ಡದರಷ್ಟು ಚಂದ ಇಲ್ಲ. ಆದ್ರ ಗ್ವಾಡಿಗೆ ತೂಗ ಹಾಕಲಿಕ್ಕೆ ಬೇಕಾಗಿಲ್ಲ ನನಗ. ನಾ ಇದ್ದಲ್ಲಿ ಇರಬೇಕು, ಕರೆಂಟ್ ಹೋದ್ರೂ ಇರಬೇಕು. ಈಗ ನಿಮ್ಮ ಕೈಯಾಗ ಕಂಡ್ರ ಆತು. ಕಾಣಲಿಲ್ಲ ಅಂದ್ರ ನಾನ ನಿಮ್ಮನ್ನ ಹುಬ್ಬಳ್ಳಿಗೆ ಕರ್ಕೊಂಡು ಹೋಗ್ತೀನಿ.”

ಮರುದಿನ ಮತ್ತೆ ಉಪವಾಸ, ಮತ್ತೆ ಅದೇ ಮೇಜು. ಕಂಕುಳಲ್ಲಿ ಹಿಡಿಕೆ ಇಟ್ಟು ಬಾಯಾರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಡುವೆ ಒಂದು ಕರಿಯ ಗುಂಡು ಲಬ್ ಲಬ್ ಎನ್ನುತ್ತಿತ್ತು, ಅದು ರಕ್ತನಾಳವಂತೆ. ಅದರ ಸುತ್ತ ಜೋಳದ ತೆನೆಯನ್ನು ಅಡ್ಡ ಕೊಯ್ದಂತೆ ಕಾಳು ಕಾಳಾಗಿ ಕೂತದ್ದು ನರ. ಇಷ್ಟು ವರ್ಷ ರೊಟ್ಟಿ ಬಡಿದ ಕೈಯೊಳಗೂ ಜೋಳವೇ ಎಂದುಕೊಂಡೆ. ಬಾಯಾರ ನಗು ನಿಂತಿತ್ತು. ಸಿಸ್ಟರು ಪ್ಲಗ್ ತೆಗೆದರು, ಪರದೆ ಮಿಟುಕಲಿಲ್ಲ. ಬಿಳಿಯ ಗೆರೆಯೊಂದು ಓರೆಯಾಗಿ ಇಳಿದು ಬಂತು, ಸೂಜಿ. ಕರಿಯ ಗುಂಡಿನ ಪಕ್ಕಕ್ಕೆ ಹೋಗಿ ನಿಂತಿತು, ಮುಟ್ಟಲಿಲ್ಲ. ಮದ್ದು ಹೋಗಿ ತೆನೆಯ ಸುತ್ತ ಕೆರೆ ತುಂಬಿದಂತೆ ತುಂಬಿತು.

ಸ್ವಲ್ಪ ಹೊತ್ತಿಗೆ ನನ್ನ ಕೈ ನನ್ನದಾಗಿ ಉಳಿಯಲಿಲ್ಲ. ಎದೆಯ ಮೇಲೆ ಯಾರದೋ ಕೈ ಬಿದ್ದಿದೆ ಎಂದು ಎಡಗೈಯಿಂದ ಎತ್ತಿ ಎಸೆಯಲು ಹೋದೆ, ಅದು ನಂದೇ. ಎಲುಬಿನ ಡಾಕ್ಟರು ಕೆಲಸ ಶುರು ಮಾಡಿದರು, ಬಡಗಿಯ ಸದ್ದು ಕೇಳಿತು. ಬಾಯಾರು ಹಣೆಯ ಮೇಲೆ ಅಂಗೈ ಇಟ್ಟರು.

“ಇವತ್ತ ಮನ್ಯಾಗ ಏನ್ ಅಡಗಿ?”

ಹೇಳಿದೆ. ರೊಟ್ಟಿ ಹೇಳಿದೆ, ಎಣ್ಣೆಗಾಯಿ ಹೇಳಿದೆ, ಮಸಾಲೆ ಹುರಿಯುವುದು ಹೇಗೆಂದೂ ಹೇಳಿದೆ. ನಿದ್ದೆ ಬರಲಿಲ್ಲ. ಕಾಳಿನ ಪಲ್ಯ ಹೇಳಿದೆ, ಶೇಂಗಾ ಚಟ್ನಿ, ಜುಣಕ ಹೇಳಿ ಅನ್ನಕ್ಕೆ ಬಂದೆ. “ಅನ್ನ ಬಂತು!” ಎಂದು ಬಾಯಾರು ಕೂಗಿದರು, ಸಿಸ್ಟರು ಚಪ್ಪಾಳೆ ಹೊಡೆದರು. ಸಾರು, ಮಜ್ಜಿಗೆ, ಎಲೆ ಅಡಿಕೆಯ ತನಕ ಹೋದೆ. “ಯವ್ವಾ, ನನಗ ಹಸಿವ್ಯಾಗಾಕತ್ತೈತಿ, ಸುಮ್ನಿರವಾ,” ಎಂದರು ಎಲುಬಿನ ಡಾಕ್ಟರು.

ಹೊರಗೆ ಬಂದಾಗ ಅಧ್ಯಕ್ಷರು ಬಾಗಿಲಲ್ಲೇ ಇದ್ದರು. ಕೈ ಮುಗಿಯೋಣವೆಂದರೆ ಎಡಗೈ ಒಂದೇ ಮೇಲೆ ಬಂತು.

“ಸದ್ಯಕ್ಕ ಒಂದ ಕೈಲೆ ನಮಸ್ಕಾರ ತಗೊಳ್ರಿ ಸಾವ್ಕಾರ್ರ. ಇನ್ನೊಂದು ಸಂಜಿಗೆ ಬರತೈತಿ.”

ಅವರು ನನ್ನನ್ನು ನೋಡಿದರು, ಬಾಯಾರ ಕಂಕುಳಲ್ಲಿದ್ದ ಚೀಲ ನೋಡಿದರು. “ಮುಂಜಾನೆ ಒಳಗ ಹೋದಾಕಿ ಮಾತಾಡಕೋತ ಹೊರಗ ಬಂದ್ಲಲ್ರೀ! ಆತು, ಇದನ್ನ ತಗೊಳ್ಳೂಣು. ಆದ್ರ ಪೂಜಾ ಆಗಬೇಕು.” ಪೂಜೆಗೆ ನಿಂತರೆ ಮಷೀನಿಗೆ ಗಾಲಿಯೇ ಇಲ್ಲ. ಅಧ್ಯಕ್ಷರು ನಿಂಬೆಹಣ್ಣು ಹಿಡಿದುಕೊಂಡು ಬಹಳ ಯೋಚಿಸಿದರು. ಆಮೇಲೆ ಬಾಯಾರ ಕಾರಿನ ನಾಲ್ಕು ಗಾಲಿಗೆ ಇಟ್ಟರು.

ಅದಾದ ಮೇಲೆ ನಾಲ್ಕೂ ಊರಿನ ಮುರಿದ ಕೈಗಳೆಲ್ಲ ಬಾಯಾರಿಗೆ ಪೂರ್ತಿ ಅಡಿಗೆ ಹೇಳತೊಡಗಿದವು. ಎಲ್ಲರೂ ನರಕ್ಕಾಗಿಯೇ ಬರುತ್ತಿರಲಿಲ್ಲ. ಹಿರೇಬೆಂಡಿಗೇರಿಯ ಒಬ್ಬ ಅತ್ತೆ ಶಿಗ್ಗಾಂವಿಯಲ್ಲಿ ಕಾರು ಅಡ್ಡಗಟ್ಟಿ, ಸೊಸೆಯ ಹೊಟ್ಟೆಯಲ್ಲಿ ಗಂಡೋ ಹೆಣ್ಣೋ ಒಂದಿಷ್ಟು ನೋಡಿ ಎಂದಳಂತೆ. ಹಾಗೆ ನೋಡುವುದು ಅಪರಾಧವೆಂದು ಆಕೆಗೂ ಗೊತ್ತು. “ಮೊದಲ ನಿಮ್ಮನ್ನ ನೋಡ್ತೀನಿ ಬರ್ರಿ,” ಎಂದು ಬಾಯಾರು ಅತ್ತೆಯ ಕುತ್ತಿಗೆಗೆ ಹಿಡಿಕೆ ಇಟ್ಟರಂತೆ. “ನರ ಕಾಣಸ್ತಾವ ನೋಡ್ರಿ. ನಾಚಿಕಿ ಮಾತ್ರ ಎಲ್ಲೂ ಕಾಣವಲ್ದು.” ಸೊಸೆ ಸೆರಗಿನಲ್ಲಿ ನಕ್ಕಳಂತೆ. ಅದು ನನಗೆ ಬಹಳ ಸೇರಿತು.

ಬೀಳ್ಕೊಡುವ ದಿನ ಭಾಷಣ ಮುಗಿದ ಮೇಲೆ ಬಾಯಾರು ಮಷೀನಿನ ಚೀಲವನ್ನು ಹೊಸ ಡಾಕ್ಟರಮ್ಮನ ಬೆನ್ನಿಗೆ ತಾವೇ ಹಾಕಿದರು. ಆಕೆಯದು ಸ್ಕೂಟರು. ಅಧ್ಯಕ್ಷರು ಹಳೆಯ ರೂಢಿಯಂತೆ ನಾಲ್ಕು ನಿಂಬೆಹಣ್ಣು ತರಿಸಿದ್ದರು. ಎರಡು ಹಣ್ಣು ನಾನೇ ಬಲಗೈಯಿಂದ ಗಾಲಿಗೆ ಇಟ್ಟೆ. ಎರಡೂ ಚೆನ್ನಾಗಿ ಒಡೆದವು. ಉಳಿದ ಎರಡನ್ನು ಬಾಯಾರು ಕಸಿದುಕೊಂಡರು.

“ಉಪ್ಪಿನಕಾಯಿ ಹಾಕ್ತೀನಿ.”

“ನಿಮಗ ಬರತೈತೇನ್ರಿ?”

“ಕಲೀತೀನಿ. ಇನ್ನ ಮ್ಯಾಲೆ ಕೆಲಸಾ ಏನದ ನನಗ?”

ಕಾರಿನಲ್ಲಿ ಕೂತರು. ಹಿಂದಿನ ಸೀಟು ಬರಿದಾಗಿತ್ತು, ದಿಂಬು ಒಂದೇ. ನಾನು ಕಿಟಕಿಯಲ್ಲಿ ಕೈ ಹಾಕಿ ಅವರ ಹಣೆಯ ಮೇಲೆ ಅಂಗೈ ಇಟ್ಟೆ. ನನ್ನ ಕೈಯ ಹಿಟ್ಟು ಹತ್ತಿತು, ಅವರು ಒರೆಸಿಕೊಳ್ಳಲಿಲ್ಲ.

“ಇವತ್ತ ಮನ್ಯಾಗ ಏನ್ ಅಡಗಿ?”

ಕಣ್ಣು ಮುಚ್ಚಿಕೊಂಡು ಒಂದೊಂದೇ ಹೇಳಿದರು. ಚಪಾತಿ, ಬದನೀಕಾಯಿ, ಕೋಸಂಬರಿ, ಅನ್ನ, ಸಾರು, ಮಜ್ಜಿಗಿ. ಎಲ್ಲೂ ತಡವರಿಸಲಿಲ್ಲ. ಆಮೇಲೆ ಒಂದು ಕಣ್ಣು ತೆರೆದು, ಮೆಲ್ಲಗೆ ಅಂದರು:

“ಕಾರಿನ್ಯಾಗಿಂದೂ ಹೇಳ್ಲೇನು?”

ನಾನು ರೊಟ್ಟಿಯ ಗಂಟನ್ನೂ ಕೆಂಪು ಚಟ್ನಿಯ ಡಬ್ಬಿಯನ್ನೂ ಅವರ ಉಡಿಯಲ್ಲಿ ಇಟ್ಟೆ. ಬಲಗೈಯಿಂದಲೇ ಇಟ್ಟೆ.